ಗುಡುಗಣ್ಣ ಮೋಟರ್ ಅಂಗಡಿ ಇಟ್ಟದ್ದು

ಅವನನ್ನು ಪೇಟೆಯವರೆಲ್ಲ ಗುಡುಗಣ್ಣ ಎಂದೇ ಕರೆಯುತ್ತಿದ್ದರು. ಸಂಜೆಯಾದರೆ ಕರೆಂಟು ಹೋಗುವುದು ಖಾತ್ರಿ. ಆಗ ಅವನು ಬೀದಿಯ ತುದಿಯ ತಗಡಿನ ಶೆಡ್ಡಿನಲ್ಲಿ ಡೀಸೆಲ್ ಜನರೇಟರ್ ಚಾಲೂ ಮಾಡಿ, ಅಂಗಡಿಗೊಂದು ಬಲ್ಬಿನಂತೆ ಬೆಳಕು ಬಾಡಿಗೆಗೆ ಕೊಡುತ್ತಿದ್ದ. ಆ ಸದ್ದಿನ ಪಕ್ಕ ನಿಂತು ನಿಂತು ಅವನ ದನಿ ಎಷ್ಟು ದೊಡ್ಡದಾಗಿತ್ತೆಂದರೆ, ಗುಟ್ಟು ಹೇಳಿದರೂ ಆಚೆ ಬೀದಿಗೆ ಕೇಳಿಸುತ್ತಿತ್ತು.

ಹೀಗಿರುವಾಗ ಊರಾಚೆಯ ಗುಡ್ಡದ ಮೇಲೆ ಗಾಳಿಯಂತ್ರಗಳು ಎದ್ದವು, ಬಯಲಲ್ಲಿ ಸೋಲಾರ್ ಫಲಕಗಳು ಸಾಲುಗಟ್ಟಿದವು.

"ಗಾಳಿ ನಂಬ್ಕೊಂಡು ಯಾರಾದ್ರೂ ವ್ಯಾಪಾರ ಮಾಡ್ತಾರಾ?" ಎಂದು ಗುಡುಗಣ್ಣ ನಕ್ಕ.

ಅಲ್ಲಿಂದ ಪೇಟೆಗೆ ಹೊಸ ಲೈನು ಬಂದ ಮೇಲೆ ಕರೆಂಟು ಹೋಗುವುದನ್ನೇ ಮರೆಯಿತು. ಅಂಗಡಿಯವರು ಒಬ್ಬೊಬ್ಬರಾಗಿ ಗುಡುಗಣ್ಣನ ತಂತಿ ಬಿಚ್ಚಿ ಕೊಟ್ಟರು. ಬಡಗಿ ಮರ ಕೊಯ್ಯುವ ಯಂತ್ರ ತಂದ. ಗಿರಣಿಯವಳು ಇನ್ನೊಂದು ಗಿರಣಿ ಹಾಕಿದಳು. ಹಾಲಿನಂಗಡಿಗೆ ಫ್ರಿಜ್ಜೂ ಬಂತು, ಫ್ಯಾನೂ ಬಂತು. ಪೇಟೆ ಮೈ ತುಂಬಿಕೊಂಡಿತು. ಗುಡುಗಣ್ಣನ ಮುಖ ಮಾತ್ರ ಸಪ್ಪಗಾಯಿತು.

"ಎಲ್ರಿಗೂ ಬೆಳಕಾಯ್ತು, ನಮಗೆ ಕತ್ತಲೆ" ಎಂದ ಮನೆಯಲ್ಲಿ.

ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಅಷ್ಟೊಂದು ಮೋಟರ್ ಬಂದಿವೆಯಲ್ಲ, ಅವೇನು ಕೆಡೋದೇ ಇಲ್ವಾ? ಸುಟ್ಟುಹೋದ್ರೆ ಯಾರ ಹತ್ರ ಹೋಗ್ತಾರೆ?"

ಸುತ್ತಮುತ್ತ ಮೋಟರ್ ರಿಪೇರಿ ಮಾಡುವವರು ಯಾರೂ ಇರಲಿಲ್ಲ. ಗುಡುಗಣ್ಣ ದೊಡ್ಡ ಊರಿನಲ್ಲಿದ್ದ ಭಾವನ ಅಂಗಡಿಯಲ್ಲಿ ಕೆಲವು ತಿಂಗಳಿದ್ದು, ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವುದನ್ನು ಕಲಿತು ಬಂದ. ಬಿಚ್ಚುವುದು, ಜೋಡಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಆದರೆ ಅಲ್ಲಿ ಸುತ್ತಿದ್ದೆಲ್ಲ ದೊಡ್ಡ ಮೋಟರಿನ ದಪ್ಪ ತಂತಿ, ಇಲ್ಲಿ ಮೊದಲು ಬಂದದ್ದು ಹಾಲಿನಂಗಡಿಯ ಫ್ಯಾನು; ಕೂದಲೆಳೆಯಂಥ ತಾಮ್ರದ ತಂತಿ ಅವನ ದಪ್ಪ ಬೆರಳಲ್ಲಿ ಮತ್ತೆ ಮತ್ತೆ ತುಂಡಾಯಿತು. ನೋಡಿ ನೋಡಿ ಸಾಕಾಗಿ ಹೆಂಡತಿ ಅದನ್ನು ಕಿತ್ತುಕೊಂಡಳು.

"ಏಳಿ ಅತ್ಲಾಗೆ. ಇದು ಎಳೆಯೋ ಕೆಲಸ ಅಲ್ಲ, ಸವರೋ ಕೆಲಸ. ಎಷ್ಟು ಸುತ್ತು ಅಂತ ಹೇಳ್ತಾ ಹೋಗಿ, ಸಾಕು."

ಅವನು ಎಣಿಸಿದ, ಅವಳು ಸುತ್ತಿದಳು. ಫ್ಯಾನು ತಿರುಗಿತು, ಆದರೆ ಉಲ್ಟಾ.

"ಗಾಳಿ ಛಾವಣಿಗೆ ಹೊಡೀತಿದೆಯಲ್ಲಪ್ಪ" ಎಂದ ಹಾಲಿನವನು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಒಳಗಿನ ಒಂದು ಸುರುಳಿಯ ಎರಡು ತುದಿ ಅದಲುಬದಲು ಮಾಡಿದ್ದೇ ತಡ, ಫ್ಯಾನು ದಾರಿಗೆ ಬಂತು.

ಜನರೇಟರನ್ನು ಮಾರಿ, ಅದಿದ್ದ ಜಾಗದಲ್ಲಿ ಉದ್ದನೆಯ ಬೆಂಚು ಹಾಕಿದರು. ಈಗ ಬರುವವರೆಲ್ಲ ಮೊದಲು ಕೇಳುವುದು, "ಅಕ್ಕ ಇದ್ದಾರಾ?" ಎಂದೇ. ಗುಡುಗಣ್ಣನಿಗೆ ಅದರಲ್ಲಿ ಒಂದಿಷ್ಟೂ ಬೇಸರವಿಲ್ಲ.

"ಇದ್ದಾಳೆ, ಕೂತ್ಕೊಳ್ಳಿ. ನಾನು ಬಿಚ್ಚೋನು, ಸುತ್ತೋಳು ಅವಳೇ" ಎನ್ನುತ್ತಾನೆ.