ಎರಡು ವಾರಕ್ಕೊಮ್ಮೆ, ಭಾನುವಾರ ಐದಕ್ಕೆ

ಅವರು ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಸಮಯ ನೋಡಬೇಕಾದರೆ ಅಂಗೈಯನ್ನು ಮೇಲಕ್ಕೆ ತಿರುಗಿಸಬೇಕು. ಗೊತ್ತಿಲ್ಲದವರಿಗೆ ಏನನ್ನೋ ಬೇಡುತ್ತಿರುವಂತೆ ಕಾಣುತ್ತಿತ್ತು. ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಆ ಅಂಗೈ ತಿರುಗಿದಾಗಲೆಲ್ಲ ಯಾರದೋ ಅರ್ಧ ದಿನದ ಹಾಜರಿ ಹೋಗುತ್ತಿತ್ತು. ಅವರು ಅಲ್ಲಿನ ಟೈಮ್‌ಕೀಪರ್.

ನನ್ನ ತಂದೆಯೂ ಅದೇ ಕಾರ್ಖಾನೆಯಲ್ಲಿದ್ದರು. ನಾನು ಹುಟ್ಟಿದ ದಿನ ಹೆರಿಗೆ ಆಸ್ಪತ್ರೆಯಿಂದ ನೇರ ಕೆಲಸಕ್ಕೆ ಬಂದವರು ಗೇಟು ಮುಟ್ಟುವಷ್ಟರಲ್ಲಿ ಒಂದು ನಿಮಿಷ ತಡವಾಗಿತ್ತು.

"ಹೆಂಡ್ತಿಗೆ ಹೆರಿಗೆ ಆಯ್ತು ಸಾರ್. ಗಂಡು ಮಗು."

"ಮಗು ಟೈಮಿಗೆ ಸರಿಯಾಗಿ ಬಂತಲ್ಲ ಮಾರಾಯ, ನಿಂಗೇನಾಗಿತ್ತು?"

ಗೇಟಿನಲ್ಲಿದ್ದವರೆಲ್ಲ ನಕ್ಕರಂತೆ. ಅರ್ಧ ದಿನ ಹೋಯಿತು. ತಂದೆ ಇದನ್ನು ಸಾಯುವವರೆಗೂ ಹೇಳುತ್ತಿದ್ದರು. ಹೇಳಿ ಮುಗಿಸಿದ ಮೇಲೆ, "ಆದ್ರೆ ಸುಳ್ಳು ಬರೆಯೋ ಮನುಷ್ಯ ಅಲ್ಲ" ಎಂದು ಸೇರಿಸುತ್ತಿದ್ದರು. ಅದನ್ನೂ ದೂರಿನ ದನಿಯಲ್ಲೇ ಹೇಳುತ್ತಿದ್ದರು.

ನಾನು ಶಿವಮೊಗ್ಗದಲ್ಲಿ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲವು ವರ್ಷ ದುಡಿದು, ನಂತರ ದುರ್ಗಿಗುಡಿಯ ಸಣ್ಣ ಕಚೇರಿಯೊಂದಕ್ಕೆ ಸೇರಿದೆ. ಅಲ್ಲಿ ಮೊಬೈಲಿಗೆ ಕನ್ನಡದ ಕ್ಯಾಲೆಂಡರ್ ಆ್ಯಪ್ ತಯಾರಾಗುತ್ತಿತ್ತು. ಪರದೆಯ ಮೇಲಿನ ಕನ್ನಡ ಬರೆಯುವುದು, ತಪ್ಪು ಹುಡುಕುವುದು ನನ್ನ ಕೆಲಸ. ಪ್ರೋಗ್ರಾಂ ಬರೆಯುತ್ತಿದ್ದವಳು ಒಬ್ಬಳೇ ಸಹೋದ್ಯೋಗಿ. ಮತ್ತೆ ಮತ್ತೆ ಬರುವ ಕಾರ್ಯಕ್ರಮಗಳಲ್ಲಿ ಅವಳು ಸಿಕ್ಕಿಬಿದ್ದಿದ್ದಳು. ಪ್ರತಿ ಭಾನುವಾರದ ಸಂಗೀತ ಪಾಠವನ್ನು ಒಂದು ವಾರದ ಮಟ್ಟಿಗೆ ಸೋಮವಾರಕ್ಕೆ ತಳ್ಳಿದರೆ ಮುಂದಿನ ಎಲ್ಲ ಪಾಠಗಳೂ ಸೋಮವಾರಕ್ಕೆ ಹೋಗುತ್ತಿದ್ದವು. ಪ್ರತಿಯೊಂದು ದಿನವನ್ನೂ ಬೇರೆ ಬೇರೆಯಾಗಿ ಬರೆದಿಟ್ಟರೆ ಫೋನು ತೆವಳುತ್ತಿತ್ತು. ಮೂರು ವಾರ ಹೀಗೇ ಕಳೆಯಿತು.

ಆಗ ನನಗೆ ಟೈಮ್‌ಕೀಪರ್ ನೆನಪಾದರು. ವರ್ಷದ ಶಿಫ್ಟ್ ಪಟ್ಟಿಯನ್ನು ಅವರು ಒಂದೇ ಸಲ ಬರೆಯುತ್ತಾರೆ, ಆಮೇಲೆ ಅದರ ಮೇಲೆ ಒಂದು ಗೀಟನ್ನೂ ಎಳೆಯುವುದಿಲ್ಲ ಎಂದು ತಂದೆ ಹೇಳುತ್ತಿದ್ದರು. ಅವರು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು, ಹೆಂಡತಿ ತೀರಿಕೊಂಡಿದ್ದರು. ಫೋನ್ ಮಾಡಿದೆ. ಹತ್ತಕ್ಕೆ ಬರುತ್ತೇನೆ ಎಂದವರು ಹತ್ತಕ್ಕೆ ಬಂದರು. ಕಚೇರಿಯ ಬಾಗಿಲು ತೆಗೆಯಲು ನಾನೇ ತಡಮಾಡಿದ್ದೆ. ಅಂಗೈ ತಿರುಗಿಸಿ ನೋಡಿ, "ಅಪ್ಪನ ಮಗ" ಎಂದರು.

ಸಹೋದ್ಯೋಗಿಗೆ ಅವರ ಮೇಲೆ ನಂಬಿಕೆ ಇರಲಿಲ್ಲ. "ತಾತ, ಇದು ಕಂಪ್ಯೂಟರು, ರಿಜಿಸ್ಟರ್ ಅಲ್ಲ."

"ಗೊತ್ತು ಕಣಮ್ಮ. ರಿಜಿಸ್ಟರ್ ಆಗಿದ್ರೆ ಇಷ್ಟೊತ್ತಿಗೆ ಕೆಲ್ಸ ಮುಗೀತಿತ್ತು."

ಆಮೇಲೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಹೇಳಿದರು: "ಮೂಲ ಪಟ್ಟಿ ಮುಟ್ಲೇಬೇಡ. ಪ್ರತಿ ಭಾನುವಾರ ಪಾಠ ಅಂತ ಒಂದು ಸಾಲು ಸಾಕು. ಯಾವ ದಿನ ಬದಲಾಗುತ್ತೋ ಆ ದಿನಕ್ಕೆ ಒಂದು ಚೀಟಿ ಬರೆದು ಗುಂಡುಸೂಜಿ ಚುಚ್ಚು. ಯಾರಾದ್ರೂ ಕೇಳಿದ್ರೆ ಮೊದ್ಲು ಚೀಟಿ ನೋಡು. ಚೀಟಿ ಇಲ್ಲ ಅಂದ್ರೆ ಪಟ್ಟಿ ನೋಡು. ಅಷ್ಟೇ."

ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. ನಾಲ್ಕನೆಯ ದಿನಕ್ಕೆ ಕೆಲಸ ಮುಗಿದಿತ್ತು.

ಏನು ಕೊಡಬೇಕು ಎಂದು ಕೇಳಿದಾಗ, ಆ್ಯಪನ್ನು ಮಗನ ಫೋನಿಗೂ ಮಗಳ ಫೋನಿಗೂ ಹಾಕಿಕೊಡಿ ಎಂದರು. ಮಗ ಭದ್ರಾವತಿಯ ಹಳೇನಗರದಲ್ಲಿದ್ದ, ಮಗಳು ಶಿವಮೊಗ್ಗದ ವಿನೋಬನಗರದಲ್ಲಿದ್ದಳು. ಅವರು ಎರಡು ಮನೆಗಳಲ್ಲಿ ಸರದಿಯಂತೆ ಇರುತ್ತಿದ್ದರು. ಮೊದಲು ಒಂದರಿಂದ ಹದಿನೈದನೇ ತಾರೀಖಿನವರೆಗೆ ಮಗಳ ಮನೆ, ಉಳಿದದ್ದು ಮಗನ ಮನೆ ಎಂದಿತ್ತು. ಒಂದು ದಿನ ಊಟಕ್ಕೆ ಕೂತಾಗ ಸೊಸೆ, "ಮೂವತ್ತೊಂದನೇ ತಾರೀಕು ಯಾರ್ದು ಮಾವ?" ಎಂದು ಕೇಳಿದ್ದಳು.

"ಸರಿಯಾಗೇ ಕೇಳಿದ್ಲು" ಎಂದರು ನಮಗೆ. "ಲೆಕ್ಕ ಹಾಕ್ದೆ. ವರ್ಷಕ್ಕೆ ಐದು ದಿನ ಅವಳಿಗೆ ಜಾಸ್ತಿ ಬೀಳ್ತಿತ್ತು. ಅದಕ್ಕೆ ತಾರೀಕು ಬಿಟ್ಟು ವಾರಕ್ಕೆ ಬಂದೆ."

ಹೊಸ ಪಟ್ಟಿಯಲ್ಲಿ ಎರಡು ವಾರಕ್ಕೊಮ್ಮೆ, ಭಾನುವಾರ ಸಂಜೆ ಐದಕ್ಕೆ ಮನೆ ಬದಲು. ಅವರೇ ಬ್ಯಾಗು ಹಿಡಿದು ಬಸ್ಸು ಹತ್ತುತ್ತಿದ್ದರು. ಯಾರಾದರೂ ತಮ್ಮ ಸರದಿ ಬಿಟ್ಟರೆ ಇನ್ನೊಬ್ಬರ ಫೋನಿಗೆ ಪ್ರಶ್ನೆ ಹೋಗುವಂತೆ ಮಾಡಿದೆವು: "ಈ ಸರದಿಯನ್ನು ನೀವು ತೆಗೆದುಕೊಳ್ಳುವಿರಾ?" ಆ ವಾಕ್ಯ ಬರೆದವನು ನಾನು.

ಆ್ಯಪಿನ ಪರೀಕ್ಷೆಗಳಲ್ಲಿ ಅವರ ಈ ಸರದಿ ಪಟ್ಟಿಯೇ ಮೊದಲನೆಯದಾಗಿತ್ತು. ಹೆಸರು "ಅಪ್ಪ". ಆ್ಯಪಿನಲ್ಲಿ ಏನೇ ಬದಲಾಯಿಸಿದರೂ ಮೊದಲು ಅದನ್ನೇ ಓಡಿಸಿ ನೋಡುತ್ತಿದ್ದೆವು. "ಅಪ್ಪ ಪಾಸಾ?" "ಅಪ್ಪ ಮತ್ತೆ ಫೇಲು!" ಎಂದು ಕಚೇರಿಯಲ್ಲಿ ಕೂಗಾಡಿ ನಗುತ್ತಿದ್ದೆವು. ಒಮ್ಮೆ ಅವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. "ಫೇಲಾದ್ರೆ ನಂಗೂ ಒಂದು ಮಾತು ಹೇಳ್ರಪ್ಪ, ಬಸ್ಸಿನ ಖರ್ಚು ಉಳಿಯುತ್ತೆ" ಎಂದರು.

ಚೀಟಿಗಳು ಬರತೊಡಗಿದವು. ಮೊಮ್ಮಗನ ಪರೀಕ್ಷೆಗೊಂದು, ಮನೆಗೆ ಬಣ್ಣ ಹೊಡೆಸಲು ಇನ್ನೊಂದು. ಪ್ರತಿಸಲವೂ ಇನ್ನೊಬ್ಬರು ಒಪ್ಪುತ್ತಿದ್ದರು, ಫೋನ್ ಮಾಡಿ ಅವರಿಗೆ ಹೇಳುತ್ತಿದ್ದರು. ಅವರ ಬಳಿ ಇದ್ದದ್ದು ಹಳೆಯ ಗುಂಡಿಯ ಫೋನು.

ಒಂದು ಭಾನುವಾರ ನಾಲ್ಕು ಗಂಟೆಗೆ ಮಗಳು ಚಿತ್ರಾನ್ನ ಕಟ್ಟಿಕೊಟ್ಟು, "ಟೈಮಾಯ್ತು ಅಪ್ಪ, ಬಸ್ ಹೋಗುತ್ತೆ" ಎಂದು ಅವರನ್ನು ಕಳಿಸಿದಳು. ಭದ್ರಾವತಿಯಲ್ಲಿ ಮಗನ ಮನೆಗೆ ಬೀಗ ಹಾಕಿತ್ತು. ಒಂದು ಗಂಟೆ ಕಾದು ವಾಪಸ್ ಬಂದರೆ ವಿನೋಬನಗರದ ಮನೆಗೂ ಬೀಗ. ಇಬ್ಬರೂ ಫೋನ್ ಎತ್ತಲಿಲ್ಲ. ರಾತ್ರಿ ಬಸ್ ನಿಲ್ದಾಣದಲ್ಲಿ ಕಳೆದರು. ಸೋಮವಾರ ಬೆಳಿಗ್ಗೆ ಮಗ ಫೋನ್ ಎತ್ತಿ, ಆ್ಯಪಿನಲ್ಲಿ ನಮ್ಮ ಸರದಿ ತೋರಿಸಲಿಲ್ಲ ಎಂದ. ಮಗಳು, ಅಣ್ಣನ ಸರದಿ ಎಂದೇ ತೋರಿಸುತ್ತಿತ್ತು ಎಂದಳು.

ಹತ್ತಕ್ಕೆ ಅವರು ಬ್ಯಾಗಿನೊಂದಿಗೆ ನಮ್ಮ ಕಚೇರಿಯಲ್ಲಿದ್ದರು. "ಇಬ್ರೂ ನಿಮ್ಮ ಕಡೆ ಬೆರಳು ತೋರಿಸ್ತಿದಾರೆ. ತಪ್ಪು ಎಲ್ಲಾಗಿದೆ ನೋಡು."

ದಾಖಲೆ ತೆಗೆದು ನೋಡಿದೆ. ಶನಿವಾರ ಹನ್ನೊಂದು ಇಪ್ಪತ್ತಕ್ಕೆ ಮಗ ತನ್ನ ಸರದಿ ಬಿಟ್ಟಿದ್ದ. ಪ್ರಶ್ನೆ ಮಗಳ ಫೋನಿಗೆ ಹೋಗಿತ್ತು. ಹನ್ನೊಂದು ಇಪ್ಪತ್ತಮೂರಕ್ಕೆ ಅವಳು "ಇಲ್ಲ" ಒತ್ತಿದ್ದಳು. ಆ ಉತ್ತರ ಮಗನಿಗೂ ತಲುಪಿತ್ತು. ಆ್ಯಪಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ.

"ನಮ್ಮದೇ ತಪ್ಪು ಸಾರ್" ಎಂದೆ.

"ಚೀಟಿ ತೋರ್ಸು."

"ಅದು ಅಳಿಸಿಹೋಗಿದೆ ಸಾರ್."

"ಮೂವತ್ತು ವರ್ಷ ಗೇಟಲ್ಲಿ ನಿಂತಿದೀನಿ. ಯಾರು ಸುಳ್ಳು ಹೇಳ್ತಿದಾರೆ ಅಂತ ನಂಗೆ ಗೊತ್ತಾಗಲ್ವಾ? ನಿಮ್ಮಪ್ಪ ಲೇಟಾಗಿ ಬಂದ್ರೂ ಸುಳ್ಳು ಹೇಳ್ಲಿಲ್ಲ."

ಸಹೋದ್ಯೋಗಿ ತನ್ನ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. ಕನ್ನಡಕ ಹಾಕಿಕೊಂಡು ಎರಡು ಸಾಲನ್ನೂ ಓದಿದರು. ಮತ್ತೊಮ್ಮೆ ಓದಿದರು.

"ಮೂರು ನಿಮಿಷ ಯೋಚ್ನೆ ಮಾಡಿದಾಳೆ" ಎಂದರು.

ಕಾಫಿ ತರಿಸಿದೆವು. ಕುಡಿಯಲಿಲ್ಲ. ಲೋಟವನ್ನು ಪಕ್ಕಕ್ಕೆ ಸರಿಸಿ, ಪಟ್ಟಿಯನ್ನು ಅಳಿಸುವುದು ಹೇಗೆ ಎಂದು ಕೇಳಿದರು. ಪರದೆಯ ಮೇಲೆ ಮೂರು ಆಯ್ಕೆಗಳು ಬಂದವು: ಈ ದಿನ ಮಾತ್ರ, ಇಂದಿನಿಂದ ಮುಂದಕ್ಕೆ, ಎಲ್ಲವೂ. ಸಹೋದ್ಯೋಗಿ "ಎಲ್ಲವೂ" ಒತ್ತಲು ಹೋದಳು. ಅವರು ಕೈ ಅಡ್ಡ ಹಿಡಿದರು.

"ಹಿಂದಿಂದು ಅಳಿಸ್ಬೇಡ ಕಣಮ್ಮ. ಇಷ್ಟು ದಿನ ನನ್ನ ಇಟ್ಕೊಂಡಿದ್ದೂ ನಿಜಾನೇ ಅಲ್ವಾ?"

ಎರಡನೆಯದನ್ನು ತಾವೇ ಒತ್ತಿದರು. ಅಲ್ಲಿಂದ ನೇರವಾಗಿ ಹೊಳಲೂರು ರಸ್ತೆಯ ಒಂದು ವೃದ್ಧಾಶ್ರಮಕ್ಕೆ ಹೋದರು. ಬ್ಯಾಗು ಹೇಗೂ ಕೈಯಲ್ಲೇ ಇತ್ತು. ಜೊತೆಗೆ ಹೋದ ನಾನು ಹೊರಡುವಾಗ, "ಪ್ರತಿ ತಿಂಗಳು ಎರಡನೇ ಭಾನುವಾರ ಬರ್ತೀನಿ ಸಾರ್" ಎಂದೆ. ಅವರ ಕಣ್ಣೆದುರೇ ಫೋನಿನಲ್ಲಿ ಹಾಕಿಕೊಂಡೆ.

ಆ ವಾರವೇ ಮಗ ನಮ್ಮ ಕಚೇರಿಗೆ ಬಂದ. "ನಿಮ್ ಆ್ಯಪಿಂದ ನಮ್ಮ ಮನೆ ಮಾನ ಹೋಯ್ತು ಕಣ್ರೀ" ಎಂದು ಕೂಗಾಡಿದ. ಅಪ್ಪ ಹೇಗಿದ್ದಾರೆ ಎಂದು ಕೇಳಲಿಲ್ಲ. ಹೋಗುವಾಗ ಆ್ಯಪಿಗೆ ಒಂದೇ ನಕ್ಷತ್ರ ಕೊಟ್ಟ. ಅದು ಈಗಲೂ ಇದೆ.

ಹನ್ನೊಂದು ತಿಂಗಳ ನಂತರ ಒಂದು ಗುರುವಾರ ಅವರು ನಿದ್ದೆಯಲ್ಲೇ ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಮಗನೂ ಮಗಳೂ ಬಂದಿದ್ದರು. ಆಶ್ರಮದ ಮೇಲ್ವಿಚಾರಕರು ದಿಂಬಿನ ಕೆಳಗೆ ಸಿಕ್ಕಿದ್ದೆಂದು ಒಂದು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಸ್ಕೇಲಿಟ್ಟು ಗೀಟು ಹಾಕಿದ, ದುಂಡನೆಯ ಅಕ್ಷರದ ಪಟ್ಟಿ. ಹನ್ನೊಂದು ತಿಂಗಳ ಎರಡನೇ ಭಾನುವಾರಗಳ ತಾರೀಖುಗಳಿದ್ದವು. ಎರಡರ ಮುಂದೆ ನಾನು ಬಂದ ಸಮಯ, ಹೋದ ಸಮಯ. ಉಳಿದ ಒಂಬತ್ತಕ್ಕೆ ಚೀಟಿ ಚುಚ್ಚಿತ್ತು. ನಾನು ಫೋನಿನಲ್ಲಿ ಹೇಳಿದ್ದನ್ನೇ ಬರೆದಿದ್ದರು: ಕಚೇರಿ ಕೆಲಸವಂತೆ. ಯಾರದೋ ಮದುವೆಯಂತೆ. ಜ್ವರವಂತೆ. ಕೊನೆಯ ಮೂರು ಚೀಟಿಗಳಲ್ಲಿ ಒಂದೇ ವಾಕ್ಯವಿತ್ತು: ಕಾರಣ ತಿಳಿಸಿಲ್ಲ.

ಮಗ ಹತ್ತಿರ ಬಂದು ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡಿದ. ದನಿ ತಗ್ಗಿಸಿ ಕೇಳಿದ: "ಅದ್ರಲ್ಲಿ ನಮ್ಮ ಬಗ್ಗೆ ಏನಾದ್ರೂ ಬರ್ದಿದಾರಾ?"

"ಇಲ್ಲ" ಎಂದೆ. "ನಿಮ್ಮ ಹೆಸರೇ ಇಲ್ಲ."

ಅವನಿಗೆ ಸಮಾಧಾನವಾಯಿತು. ತಂಗಿಯ ಕಡೆ ತಿರುಗಿ ತಲೆಯಾಡಿಸಿದ. ನಾನು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಬರುತ್ತೇನೆ ಎಂದು ಮಾತು ಕೊಟ್ಟವನು ನಾನೊಬ್ಬನೇ ಆಗಿದ್ದೆ.