ಹದಿನೇಳನೆಯ ಹಾಡು

ನಾನು ಯಾವ ರಾಕ್ ಬ್ಯಾಂಡನ್ನೂ ಪೂರ್ತಿ ಕೇಳಿದವನಲ್ಲ ಎಂಬುದನ್ನು ಇವತ್ತು ಒಪ್ಪಿಕೊಂಡುಬಿಡುತ್ತೇನೆ. ನನ್ನ ಪಾಂಡಿತ್ಯವೆಲ್ಲ ಗ್ರೇಟೆಸ್ಟ್ ಹಿಟ್ಸ್‌ಗಳದ್ದು, ಅಂದರೆ ಹೆಸರಾದ ಹಾಡುಗಳನ್ನಷ್ಟೇ ಆಯ್ದು ತುಂಬಿದ ಕ್ಯಾಸೆಟ್ಟುಗಳದ್ದು. ಪುತ್ತೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ನನಗೊಂದು ಕ್ಯಾಸೆಟ್ ಅಂಗಡಿ ಇತ್ತು. ಈಗ ಅದೇ ಜಾಗದಲ್ಲಿ ಮೊಬೈಲಿಗೆ ಕವರು ಹಾಕಿ ಕೊಡುತ್ತೇನೆ. ಆ ಕಾಲದಲ್ಲಿ ಇಂಗ್ಲಿಷ್ ಹಾಡಿನ ರುಚಿ ಹೊಸದಾಗಿ ಹತ್ತಿದವರು ಬಂದು, "ಎಂತದರಿಂದ ಶುರು ಮಾಡುದು ಮಾರಾಯ್ರೆ?" ಎಂದು ಕೇಳಿದರೆ, ನಾನು ಮಹಾ ವಿದ್ವಾಂಸನ ಹಾಗೆ ಕಣ್ಣು ಅರ್ಧ ಮುಚ್ಚಿ ಗ್ರೇಟೆಸ್ಟ್ ಹಿಟ್ಸ್ ಎತ್ತಿ ಕೊಡುತ್ತಿದ್ದೆ. ಒಬ್ಬರೂ ವಾಪಸ್ ತಂದದ್ದಿಲ್ಲ.

ಯೋಚಿಸಿದರೆ ಲೋಕ ನಡೆಯುವುದೇ ಇಂಥ ಆಯ್ದ ಸಂಗ್ರಹಗಳ ಮೇಲೆ. ಜಾತಕದ ಜೊತೆ ಕಳಿಸುವ ಹುಡುಗನ ವಿವರ ಅವನ ಗ್ರೇಟೆಸ್ಟ್ ಹಿಟ್ಸ್. ಹಳೆಯ ಸುಭಾಷಿತ ಸಂಗ್ರಹಗಳೂ ಅಷ್ಟೇ, ಯಾರೋ ಕಾವ್ಯವನ್ನೆಲ್ಲ ಓದಿ ಸುಸ್ತಾಗಿ ನಮ್ಮಂಥ ಸೋಮಾರಿಗಳಿಗೆ ಹೆಕ್ಕಿ ಕೊಟ್ಟದ್ದು. ಶ್ರದ್ಧಾಂಜಲಿ ಸಭೆಯಂತೂ ಕೇಳಲೇಬೇಡಿ. ಭಾಷಣಗಳನ್ನು ಕೇಳಿದ ಹೆಂಡತಿಗೇ ಅನುಮಾನ ಬಂದು, ಪಟದಲ್ಲಿ ಇರುವುದು ತನ್ನ ಗಂಡನೇ ಹೌದೋ ಎಂದು ಇನ್ನೊಮ್ಮೆ ನೋಡಿಕೊಳ್ಳಬೇಕು.

ನನ್ನ ಈ ವ್ಯಾಪಾರಕ್ಕೆ ಬಗ್ಗದವನು ಒಬ್ಬನೇ, ಕೊಲ್ಲಮೊಗ್ರಿನ ಪದ್ಮಯ್ಯ. ಪುತ್ತೂರಿಗೆ ಕಾಲೇಜಿಗೆಂದು ಬಂದವನು ನನ್ನ ಅಂಗಡಿಯ ಸ್ಟೂಲಿಗೆ ಅಂಟಿಕೊಂಡ. ಮದುವೆಯಾಗಿ ಊರಲ್ಲಿ ನಿಂತ ಮೇಲೂ ಬರುತ್ತಿದ್ದ. ಅವನದ್ದು ನಾಲ್ಕು ಜನರ ಒಂದು ಇಂಗ್ಲಿಷ್ ಬ್ಯಾಂಡಿನ ಹುಚ್ಚು. ಅದರ ಗ್ರೇಟೆಸ್ಟ್ ಹಿಟ್ಸ್‌ನಲ್ಲಿ ಹದಿನಾರು ಹಾಡು. ನಾನು ಹೆಮ್ಮೆಯಿಂದ ಕೊಟ್ಟಾಗ ತಿರುಗಿಸಿ ನೋಡಿ ಇಟ್ಟುಬಿಟ್ಟ. "ಇದು ನೆಂಟರನ್ನು ಕೂರಿಸುವ ಜಗಲಿ ಮಾರಾಯ. ಮನೆ ಒಳಗೆ ಉಂಟು."

ಅವನಿಗೆ ಬೇಕಾದದ್ದು ಆ ಹದಿನಾರರಲ್ಲಿ ಇಲ್ಲದ ಒಂದು ಹಾಡು. ಮೊದಲ ಎರಡು ನಿಮಿಷ ಬರೀ ಉಸಿರಿನ ಸದ್ದು, ದೂರದಲ್ಲೆಲ್ಲೋ ಗಂಟೆ. ಆಮೇಲೆ ಪಕ್ಕದ ಕೋಣೆಯಿಂದ ಯಾರೋ ಕರೆದ ಹಾಗೆ ಒಂದು ಸಣ್ಣ ದನಿ. ಅದನ್ನು ಹಾಕಿದರೆ ಗಿರಾಕಿಗಳು ಮೆಲ್ಲಗೆ ಮೆಟ್ಟಿಲಿಳಿಯುತ್ತಿದ್ದರು. ನಾನು ಅದಕ್ಕೆ ದೆವ್ವದ ಹಾಡು ಎಂದು ಹೆಸರಿಟ್ಟಿದ್ದೆ.

ಪದ್ಮಯ್ಯ ಜ್ವರದಲ್ಲಿ ತೀರಿಕೊಂಡಾಗ ಮಗಳು ಧನ್ಯಾಳಿಗೆ ಎರಡು ವರ್ಷ. ಈಗ ಅವಳು ಸುಳ್ಯದಲ್ಲಿ ಕಾಲೇಜು ಓದುತ್ತಾಳೆ. ಈ ಸಲ ಮಳೆಗಾಲದ ಆಟಿ ತಿಂಗಳಲ್ಲಿ ನನ್ನ ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂತು, "ಮಾಮ, ಅಪ್ಪ ಹೇಗಿದ್ರು ಹೇಳಿ" ಎಂದಳು. ನಾನು ಶುರು ಮಾಡಿದೆ. ದೊಡ್ಡ ಮನಸ್ಸಿನವನು, ಕಬಡ್ಡಿಯಲ್ಲಿ ಹುಲಿ, ನಿನ್ನನ್ನು ನೆಲಕ್ಕೇ ಇಳಿಸುತ್ತಿರಲಿಲ್ಲ, ಎತ್ತಿಕೊಂಡೇ ಇರುತ್ತಿದ್ದ.

ಅವಳ ಕಣ್ಣು ತುಂಬಿತು. "ಎಲ್ಲರೂ ಇದನ್ನೇ ಹೇಳುದು ಮಾಮ. ಅಮ್ಮನೂ ಇದನ್ನೇ. ಕೇಳಿ ಕೇಳಿ ಯಾರದ್ದೋ ಅಪ್ಪನ ಕತೆ ಅಂತ ಆಗ್ತದೆ. ನನ್ನ ಅಪ್ಪ ಬೇಕು ನನಗೆ."

ಏನು ಹೇಳಬೇಕಿತ್ತು ಎಂದು ನನಗೆ ಗೊತ್ತಿತ್ತು. ಹೇಳುವ ಧೈರ್ಯ ಇರಲಿಲ್ಲ. ಮೊದಲು ಅವನ ಬ್ಯಾಂಡನ್ನು ಕೇಳು ಎಂದು ಜಾರಿಕೊಂಡೆ. "ಹಾಗಾದ್ರೆ ನಾಡಿದ್ದು ಮನೆಯಲ್ಲಿ ಬಡಿಸುದು ಉಂಟು, ಹಾಡು ತಕೊಂಡೇ ಬನ್ನಿ" ಎಂದಳು.

ಬಡಿಸುವುದು ಎಂದರೆ ನಮ್ಮ ಕಡೆ ಕಾಲವಾದವರಿಗೆ ಊಟ. ಅವರಿಗೆ ಇಷ್ಟವಾದದ್ದನ್ನೆಲ್ಲ ಕೋಣೆಯಲ್ಲಿ ಬಾಳೆ ಎಲೆಗೆ ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತಾರೆ. ಉಣ್ಣುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಪದ್ಮಯ್ಯನಿಗೆ ಕೋಳಿಸಾರು, ರೊಟ್ಟಿ, ಬೀಡಿ, ಸಣ್ಣ ಲೋಟದಲ್ಲಿ ಕಳ್ಳು. ನನ್ನ ಬುದ್ಧಿ ನೋಡಿ, ಎಲೆಯ ಪಕ್ಕ ಫೋನಿಟ್ಟು ನಾನು ಹಾಕಿದ್ದು ಅದೇ ಗ್ರೇಟೆಸ್ಟ್ ಹಿಟ್ಸ್! ಮಗಳು ಹೊಸಬಳು, ಅವಳಿಗೆ ಇದೇ ಸರಿ ಎಂದುಕೊಂಡೆ. ಯಾರ ಊಟ ಎಂಬುದೇ ಮರೆತುಹೋಗಿತ್ತು.

ಎಲೆ ಹಾಕಿಟ್ಟು, ಅಡುಗೆ ಆಗುವಾಗಲೇ ಶುರು ಮಾಡಿದ್ದರಿಂದ ಬಾಗಿಲು ಮುಚ್ಚುವಾಗ ಕೊನೆಯ ಹಾಡು ನಡೆಯುತ್ತಿತ್ತು. ದೀಪ ಹಚ್ಚುವ ಹೊತ್ತು. ಧನ್ಯಾ, ಅವಳ ತಾಯಿ ಲೀಲಾವತಿ, ನಾನು ಹೊರಗೆ ಕೂತಿದ್ದೆವು. ಹದಿನಾರು ಮುಗಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮುಚ್ಚಿದ ಬಾಗಿಲ ಆಚೆ ಯಾರೋ ಉಸಿರೆಳೆದರು.

ದೂರದಲ್ಲಿ ಗಂಟೆ.

ಒಂದು ಹಾಡಿನ ಹಿಂದೆ ಇನ್ನೊಂದನ್ನು ತಾನಾಗಿ ಹುಡುಕಿ ತರುವ ಚಾಳಿ ಈ ಫೋನುಗಳಿಗೆ ಉಂಟು, ನಾನು ಅದೇ ವ್ಯಾಪಾರದವನು, ಗೊತ್ತು. ಆದರೆ ಅದಕ್ಕೆ ನೆಟ್‌ವರ್ಕ್ ಬೇಕು. ಕೊಲ್ಲಮೊಗ್ರಿನ ಆ ಮನೆಯಲ್ಲಿ ಸಿಗ್ನಲಿನ ಒಂದು ಕಡ್ಡಿ ಸಿಗಬೇಕಾದರೂ ಗುಡ್ಡ ಹತ್ತಬೇಕು. ಆಮೇಲೆ ನಾಲ್ಕು ಸಲ ಫೋನು ತಡಕಿದ್ದೇನೆ, ಅದರಲ್ಲಿ ಇರುವುದು ಹದಿನಾರೇ.

"ಇದು ಅವರ ಹಾಡು" ಎಂದು ಲೀಲಾವತಿ ಕಂಬ ಹಿಡಿದುಕೊಂಡರು.

"ಮಾಮ, ನೀವು ಹಾಕಿದ್ದಾ?"

"ಅಲ್ಲ ಮಗಳೇ." ಅಷ್ಟು ಹೇಳಿದ್ದೇ ತಡ, ಉಳಿದದ್ದೂ ಬಾಯಿಗೆ ಬಂತು. "ಮೊನ್ನೆ ಹೇಳಿದ್ದು ಸುಳ್ಳು. ನೀನು ಹುಟ್ಟಿ ಮೂರು ತಿಂಗಳು ಅವ ನಿನ್ನನ್ನು ಮುಟ್ಟಲೇ ಇಲ್ಲ. ಹೆದರಿಕೆ. ಅಂಗಡಿಯಲ್ಲಿ ಕೂತು ಅತ್ತಿದ್ದ. 'ಎತ್ತಿದ್ರೆ ಬೀಳಿಸ್ತೇನೆ ಅಂತ ಕೈ ನಡುಗ್ತದೆ ಮಾರಾಯ, ಬಾಗಿಲ ಸಂದಿಯಿಂದ ನೋಡ್ತೇನೆ, ಅದು ನನ್ನ ಕಡೆ ತಿರುಗಿದ್ರೆ ಓಡ್ತೇನೆ' ಅಂದ. ನಾನು ನಕ್ಕುಬಿಟ್ಟೆ ಧನ್ಯಾ. ಅವ ಮತ್ತೆ ಅಂಗಡಿಗೆ ಬರ್ಲಿಲ್ಲ."

"ನಿನಗೆ ಬೇಜಾರಾದೀತು ಅಂತ ನಾನೂ ಹೇಳ್ಲಿಲ್ಲ" ಎಂದರು ಲೀಲಾವತಿ.

ಧನ್ಯಾ ಅಳುತ್ತಾಳೆ ಎಂದುಕೊಂಡೆ. ಅವಳು ಬಾಗಿಲನ್ನೇ ನೋಡುತ್ತಿದ್ದಳು. ಜನಜಂಗುಳಿಯಲ್ಲಿ ತನ್ನವರೊಬ್ಬರು ಸಿಕ್ಕಿದರೆ ಮುಖ ಹೇಗಾಗುತ್ತದೋ, ಅವಳ ಮುಖ ಹಾಗಿತ್ತು.

ಬಾಗಿಲು ತಟ್ಟುವ ಹೊತ್ತು ಮೀರಿತ್ತು. ಲೀಲಾವತಿ ನನ್ನನ್ನು ನೋಡಿದರು, ನಾನು ಮಾಡಿನ ಹಂಚು ನೋಡಿದೆ. ಎದ್ದು ಹೋದವಳು ಧನ್ಯಾಳೇ. ಮಲಗಿದ ಮಗುವನ್ನು ಎಬ್ಬಿಸುವ ಹಾಗೆ ಬೆರಳ ತುದಿಯಿಂದ ಮೂರು ಸಲ ತಟ್ಟಿದಳು.

"ಅಪ್ಪಾ, ನಾನು. ಬಾಗಿಲು ತೆಗೀತೇನೆ, ಹೆದರ್ಬೇಡಿ. ಈ ಸಲ ಓಡ್ಬೇಡಿ."