ನಂಜಣ್ಣ ಕಟ್ಟಿದ ಗಾಡಿ ನೋಡಲು ಹೋದದ್ದು

ಆಷಾಢದ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ನನ್ನ ಬುಲೆಟ್ಟಿನಲ್ಲಿ ಹಾಸನ ಬಿಟ್ಟೆ. ತುಂತುರು ಮಳೆ, ಎದುರುಗಾಳಿ. ಅರಕಲಗೂಡಿಗೆ ಸುಮಾರು ಮೂವತ್ತು ಕಿಲೋಮೀಟರ್. ಅಲ್ಲಿ ನಂಜಣ್ಣನವರನ್ನು ಹಿಂದೆ ಕೂರಿಸಿಕೊಂಡು ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಹೋಗುವುದಿತ್ತು. ನಾವಿಬ್ಬರು ಸೇರಿ ಕಟ್ಟಿದ ಮೋಟಾರ್ ಸೈಕಲ್ ಅಲ್ಲಿತ್ತು.

ನಂಜಣ್ಣ ಅರಕಲಗೂಡಿನ ಹಳೆಯ ಮೆಕ್ಯಾನಿಕ್. ನಾನು ಹಾಸನದಲ್ಲಿ ಕಬ್ಬಿಣ ಕಡೆಯುವ ಲೇತ್ ಇಟ್ಟುಕೊಂಡವನು. ಹಳೇಕೋಟೆಯ ಕೊಟ್ಟಿಗೆಯೊಂದರಲ್ಲಿ ಇಂಗ್ಲೆಂಡಿನ ಹಳೇ ಗಾಡಿಯ ಬರೀ ಚಾಸಿ ಸಿಕ್ಕಿತ್ತು. ಅದಕ್ಕೆ ಬುಲೆಟ್ಟಿನ ಇಂಜಿನ್ ಕೂರಿಸಲು ನಮಗೆ ನಾಲ್ಕು ವರ್ಷ ಹಿಡಿಯಿತು. ಇಂಜಿನ್ ಹಿಡಿದಿಡುವ ಪ್ಲೇಟುಗಳನ್ನು ನಾನು ಮಾಡಿದೆ. ಪೆಟ್ರೋಲ್ ಟ್ಯಾಂಕನ್ನು ಅವರು ಕೈಯಿಂದಲೇ ತಗಡು ಬಡಿದು ಮಾಡಿದರು. ಟ್ಯಾಂಕು ಮುಗಿದ ವರ್ಷವೇ ಅವರ ಕೈ ನಡುಗಲು ಶುರುವಾಯಿತು. ಆಮೇಲೆ ಅವರು ಸುತ್ತಿಗೆ ಹಿಡಿಯಲಿಲ್ಲ. ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿ ಪರಮೇಶ್ ಗಾಡಿ ಕೇಳಿದಾಗ ನಂಜಣ್ಣ ಒಪ್ಪಿರಲಿಲ್ಲ. ಶೆಡ್ಡಿನಲ್ಲಿ ತುಕ್ಕು ಹಿಡಿಯುವುದಕ್ಕಿಂತ ಪರಮೇಶರ ಬಳಿ ಇರುವುದು ಮೇಲು ಎಂದು ಒಪ್ಪಿಸಿದವನು, ಗಾಡಿ ಓಡಿಸಿಕೊಂಡು ಹೋಗಿ ಮುಟ್ಟಿಸಿದವನು ನಾನು. ಕಟ್ಟಿದವರು ಯಾರೆಂದು ಪರಮೇಶ್ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇದಾಗಿ ಮೂರು ವರ್ಷ.

ಅರಕಲಗೂಡಿನಲ್ಲಿ ನಂಜಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ಟ್ಯಾಪೆಟ್ ಸಡ್ಲ ಆಗೈತೆ ಕಣ್ಲಾ ಸೋಮು," ಅಂದರು. "ಇಂಜಿನ್ ಟಕಟಕ ಅನ್ನೋದು ಬೀದಿ ತುದೀಲೇ ಕೇಳುಸ್ತು."

ಹೊಳೆನರಸೀಪುರದಲ್ಲಿ ಇಡ್ಲಿ ತಿಂದೆವು. ಸಾಂಬಾರು ಅವರ ಅಂಗಿಯ ಮೇಲೆ ಚೆಲ್ಲಿತು. ಒರೆಸಲು ಹೋದರೆ ಬೇಡವೆಂದರು. "ಆ ಗಾಡಿ ಸದ್ದು ಒಂದ್ಸಲ ಕೇಳ್ಬುಟ್ರೆ ಸಾಕು. ಒಂದೇ ಕಿಕ್ಕಿಗೆ ಅತ್ಕತಿತ್ತು." ಹೇಮಾವತಿಯಲ್ಲಿ ಕೆಂಪು ನೀರು ಹರಿಯುತ್ತಿತ್ತು. ಸೇತುವೆ ದಾಟಿದ ಮೇಲೆ ಮಳೆ ನಿಂತಿತು.

ಪರಮೇಶರ ಮನೆ ಶ್ರವಣಬೆಳಗೊಳದ ರಸ್ತೆಯಲ್ಲಿ, ಊರಾಚೆಯ ತೆಂಗಿನ ತೋಟದಲ್ಲಿದೆ. ಗಾಡಿಗಳಿಗೆಂದೇ ಗಾಜಿನ ಹಾಲ್ ಕಟ್ಟಿಸಿದ್ದರು. ನಾಲ್ಕನೆಯದರ ಮುಂದೆ ನಿಂತು, "ಇದೇ ನೋಡಿ ಸೋಮಣ್ಣ," ಅಂದರು. ನನಗೆ ಗುರುತೇ ಸಿಗಲಿಲ್ಲ. ಟ್ಯಾಂಕು ಬೇರೆ, ಇಂಜಿನ್ ಬೇರೆ, ಬಣ್ಣ ಬೇರೆ.

"ಹೊರಗಡೆಯಿಂದ ಜನ ಕರೆಸಿ ಪೂರ್ತಿ ಒರಿಜಿನಲ್ ಮಾಡಿಸ್ದೆ," ಎಂದರು. "ಮಿಶ್ರ ಗಾಡಿಗೆ ಪ್ರದರ್ಶನದಲ್ಲಿ ಬೆಲೆ ಇಲ್ಲ. ಚಾಸಿಗೆ ಯಾವನೋ ನಾಲ್ಕು ತೂತು ಕೊರೆದಿದ್ನಂತೆ. ಕಟುಕನ ಕೆಲಸ ಅಂದ್ರು. ಅದನ್ನೆಲ್ಲ ಮುಚ್ಚಿಸ್ದೆ."

ನಂಜಣ್ಣ ಬಗ್ಗಿ ಚಾಸಿಯ ಕೆಳಗೆ ಬೆರಳಾಡಿಸಿದರು.

"ನಾನೇ ಸಾ ಕೊರ್ದಿದ್ದು," ಅಂದರು.

ಪ್ಲೇಟು ಕೂರಿಸಲೆಂದು ಹಾಕಿದ ಆ ನಾಲ್ಕು ತೂತುಗಳಲ್ಲಿ ಎರಡನ್ನು ಕೊರೆದವನು ನಾನು. ಪರಮೇಶ್ ನನ್ನ ಮುಖ ನೋಡಿದರು. ನಾನು ಪಕ್ಕದ ಗಾಡಿಯ ಕಡೆ ತಿರುಗಿದೆ.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ," ಎಂದು ಪರಮೇಶ್ ಕಾಫಿ ತರಲು ಒಳಗೆ ಕೂಗಿ ಹೇಳಿದರು.

"ಇಸ್ಟಾರ್ಟ್ ಮಾಡ್ತೀರಾ ಸಾ?" ನಂಜಣ್ಣ ಕೇಳಿದರು.

"ಸ್ಟಾರ್ಟ್ ಆಗಲ್ಲ. ಇಂಜಿನ್ ಒಳಗೆ ಏನೂ ಇಲ್ಲ, ಇದರ ಪಾರ್ಟ್ಸ್ ಎಲ್ಲೂ ಸಿಗಲ್ಲ. ನೋಡೋಕೆ ಇಟ್ಟಿದೀವಿ ಅಷ್ಟೆ."

"ಟ್ಯಾಂಕು?"

"ಅದು ಗುಜರಿಗೆ ಹೋಯ್ತು."

ಕಾಫಿ ಬಂತು. ನಂಜಣ್ಣ ಎರಡೂ ಕೈಯಲ್ಲಿ ಲೋಟ ಹಿಡಿದು ಪೂರ್ತಿ ಕುಡಿದರು. "ವೆಲ್ಡಿಂಗ್ ಚೆನ್ನಾಗ್ ಮಾಡವ್ರೆ," ಎಂದು ಹೇಳಿ, ಕೈ ಮುಗಿದು ಹೊರಟರು.

ಬಂದ ದಾರಿಯಲ್ಲೇ ವಾಪಸಾದೆವು. ಹೊಳೆನರಸೀಪುರದಲ್ಲಿ ಊಟಕ್ಕೆ ನಿಲ್ಲಿಸಲೇ ಎಂದು ಕೇಳಿದೆ, ಹಸಿವಿಲ್ಲ ಅಂದರು. ಮಳೆ ಮತ್ತೆ ಹಿಡಿಯಿತು. ಕ್ಷಮೆ ಕೇಳಬೇಕೆಂದು ಎರಡು ಸಲ ಗಾಡಿ ನಿಧಾನ ಮಾಡಿದೆ. ಎರಡು ಸಲವೂ ಮತ್ತೆ ವೇಗ ಹೆಚ್ಚಿಸಿದೆ.

ನಾಲ್ಕು ಗಂಟೆಯ ಹೊತ್ತಿಗೆ ಅರಕಲಗೂಡು ಮುಟ್ಟಿದೆವು. ಮನೆ ಮುಂದೆ ಇಳಿದು ನನ್ನ ಭುಜ ಹಿಡಿದುಕೊಂಡೇ ಕಾಲು ಸರಿಮಾಡಿಕೊಂಡರು.

"ಮಾರ್ಬುಟ್ಟಿದ್ಕೆ ವಸೀನೂ ಬೇಜಾರಿಲ್ಲ ಕಣ್ಲಾ," ಅಂದರು. "ಅಲ್ಲಿ ನೀನೂ ಒಂದ್ ಮಾತು ಆಡ್ಬೋದಿತ್ತು."

ಒಳಗೆ ಬಾ ಎಂದು ಕರೆಯಲಿಲ್ಲ. ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ನಾನು ಗಾಡಿಯನ್ನು ಹಾಸನದ ಕಡೆ ತಿರುಗಿಸಿದೆ. ಇದಾಗಿ ಎಂಟು ತಿಂಗಳಾಯಿತು. ನಾನು ಅರಕಲಗೂಡಿಗೆ ಹೋಗಿಲ್ಲ.